ಎನರ್ಜಿ ಇಂಜಿನಿಯರಿಂಗ್: ಏನು ಓದಬೇಕು, ಕೆಲಸ ಎಲ್ಲಿದೆ?

ಸಿಇಟಿ ಸೀಟು ಹಂಚಿಕೆ ಹತ್ತಿರ ಬಂದಂತೆ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಂದ ಇಂಧನ ಮತ್ತು ವಿದ್ಯುತ್ ಕ್ಷೇತ್ರದ ಓದಿನ ಬಗ್ಗೆ ಪತ್ರಗಳು ಬಂದಿವೆ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಇಲ್ಲಿ ಉತ್ತರಿಸಿದ್ದೇವೆ. ಉತ್ತರ ಬರೆದವರು ವಿದ್ಯುತ್ ಸ್ಥಾವರ, ಎನರ್ಜಿ ಆಡಿಟ್ (ಶಕ್ತಿ ಎಲ್ಲಿ ಎಷ್ಟು ಖರ್ಚಾಗುತ್ತದೆ ಎಂಬ ತಪಾಸಣೆ) ಮತ್ತು ಇಂಜಿನಿಯರಿಂಗ್ ಬೋಧನೆಯಲ್ಲಿ ಇರುವವರು.

ಪ್ರಶ್ನೆ: ನನ್ನ ಮಗ ಪಿಯುಸಿ ಸೈನ್ಸ್ ಮುಗಿಸ್ಯಾನ್ರಿ. ಸಿಇಟಿ ರ‍್ಯಾಂಕ್ ಬಂದೈತಿ. ಎನರ್ಜಿ ಇಂಜಿನಿಯರಿಂಗ್ ಅಂತ ಒಂದ ಕೋರ್ಸ್ ಐತಿ, ಮುಂದ ಅದಕ್ಕ ಭಾಳ ಬೇಡಿಕಿ ಬರತೈತಿ ಅಂತ ಹೇಳಾಕತ್ತಾರ. ಅದನ್ನ ಹಚ್ಚೋದೋ, ಇಲೆಕ್ಟ್ರಿಕಲ್ ಹಚ್ಚೋದೋ?
ಒಬ್ಬ ತಂದೆ, ಜಮಖಂಡಿ

ಉತ್ತರ: ಇಲೆಕ್ಟ್ರಿಕಲ್ ಅಂಡ್ ಇಲೆಕ್ಟ್ರಾನಿಕ್ಸ್ ಹಚ್ಚಿರಿ. ಹುಡುಗನಿಗೆ ಯಂತ್ರ, ಉಗಿ, ಪಂಪುಗಳ ಕಡೆ ಒಲವಿದ್ದರೆ ಮೆಕ್ಯಾನಿಕಲ್ ಹಚ್ಚಿರಿ. ಎನರ್ಜಿ ವಿಷಯವನ್ನು ಅದರ ಮೇಲೆ ಕಟ್ಟಿಕೊಳ್ಳಬಹುದು.

ಹೀಗೆ ಹೇಳಲು ಕಾರಣವಿದೆ. ಎನರ್ಜಿ ಇಂಜಿನಿಯರಿಂಗ್‌ನ ಪಠ್ಯ ನೋಡಿದರೆ ಅರ್ಧ ಮೆಕ್ಯಾನಿಕಲ್‌ನದು: ಥರ್ಮೋಡೈನಮಿಕ್ಸ್, ಫ್ಲೂಯಿಡ್ ಮೆಕ್ಯಾನಿಕ್ಸ್, ಹೀಟ್ ಟ್ರಾನ್ಸ್‌ಫರ್. ಇನ್ನರ್ಧ ಇಲೆಕ್ಟ್ರಿಕಲ್‌ನದು: ಮಷೀನ್ಸ್, ಪವರ್ ಸಿಸ್ಟಮ್, ಪವರ್ ಇಲೆಕ್ಟ್ರಾನಿಕ್ಸ್. ಕಲಿಯಲು ಒಳ್ಳೆಯ ವಿಷಯವೇ. ತೊಡಕು ಬರುವುದು ಕೆಲಸಕ್ಕೆ ಅರ್ಜಿ ಹಾಕುವಾಗ. ರಾಜ್ಯದ ವಿದ್ಯುತ್ ಸಾಗಣೆ ಸಂಸ್ಥೆ ಕೆಪಿಟಿಸಿಎಲ್ ಸಹಾಯಕ ಇಂಜಿನಿಯರ್ ಹುದ್ದೆ ಕರೆದಾಗ ವಿದ್ಯುತ್ ವಿಭಾಗಕ್ಕೆ ಕೇಳುವುದು ಇಲೆಕ್ಟ್ರಿಕಲ್ ಅಥವಾ ಇಲೆಕ್ಟ್ರಿಕಲ್ ಅಂಡ್ ಇಲೆಕ್ಟ್ರಾನಿಕ್ಸ್ ಪದವಿ. ಕೇಂದ್ರ ಸರ್ಕಾರದ ವಿದ್ಯುತ್ ಕಂಪನಿ ಎನ್‌ಟಿಪಿಸಿಯ ಅಧಿಸೂಚನೆಯಲ್ಲಿ ಒಪ್ಪುವ ಪದವಿಗಳನ್ನು ಒಂದೊಂದಾಗಿ ಹೆಸರಿಸಿರುತ್ತಾರೆ. ಅಲ್ಲಿ ‘ಪವರ್ ಇಂಜಿನಿಯರಿಂಗ್’ ಇದ್ದರೂ ನಿಮ್ಮ ಮಗನ ಅಂಕಪಟ್ಟಿಯಲ್ಲಿ ‘ಎನರ್ಜಿ ಇಂಜಿನಿಯರಿಂಗ್’ ಎಂದಿದ್ದರೆ, ಎರಡೂ ಒಂದೇ ಎಂದು ವಾದಿಸುವುದಕ್ಕೆ ಅರ್ಜಿಯ ಪರದೆಯಲ್ಲಿ ಜಾಗವಿಲ್ಲ. ನಾಲ್ಕು ವರ್ಷ ಓದಿದ ಮೇಲೆ ಬರೀ ಹೆಸರಿನ ಕಾರಣಕ್ಕೆ ಹೊರಗುಳಿಯುವುದು ದೊಡ್ಡ ನಷ್ಟ.

ಇದಕ್ಕೆ ಒಂದು ಹೊರತು ಇದೆ. ಜೆಇಇ ಮೂಲಕ ಬಾಂಬೆ ಐಐಟಿಯಂಥ ಕಡೆ ಎನರ್ಜಿ ಸೈನ್ಸ್ ಅಂಡ್ ಇಂಜಿನಿಯರಿಂಗ್ ವಿಭಾಗದಲ್ಲಿ ಸೀಟು ಸಿಕ್ಕರೆ ಕಣ್ಣುಮುಚ್ಚಿ ಸೇರಿಸಿರಿ. ಅಲ್ಲಿಗೆ ಕಂಪನಿಗಳು ತಾವಾಗಿ ಬರುತ್ತವೆ, ಪದವಿಯ ಹೆಸರು ಅಡ್ಡಿಯಾಗುವುದಿಲ್ಲ.

ಹತ್ತಿರದಲ್ಲೇ ಓದಿಸುವುದಾದರೆ 1963ರಿಂದ ನಡೆಯುತ್ತಿರುವ ಬಾಗಲಕೋಟೆಯ ಬಸವೇಶ್ವರ ಇಂಜಿನಿಯರಿಂಗ್ ಕಾಲೇಜು, ವಿಜಯಪುರದ ಹಳಕಟ್ಟಿ ಕಾಲೇಜು, ಬೆಳಗಾವಿಯ ಗೋಗಟೆ ಕಾಲೇಜುಗಳಲ್ಲಿ ಈ ಎರಡೂ ಶಾಖೆಗಳಿವೆ. ಕಾಲೇಜು ನೋಡಲು ಹೋದಾಗ ಕಟ್ಟಡ ನೋಡಿ ಬರಬೇಡಿ. ಇಲೆಕ್ಟ್ರಿಕಲ್ ಮಷೀನ್ಸ್ ಲ್ಯಾಬಿಗೆ ಹೋಗಿ, ಒಂದು ಮೋಟರಿನ ಮೇಲೆ ಎಷ್ಟು ಹುಡುಗರು ಕೆಲಸ ಮಾಡುತ್ತಾರೆ, ಮೀಟರುಗಳು ನಡೆಯುತ್ತವೆಯೇ ಎಂದು ಕೇಳಿ. ನಾಲ್ಕು ಜನಕ್ಕೆ ಒಂದು ಮಷೀನ್ ಇದ್ದರೆ ಕೈ ಕಲಿಯುತ್ತದೆ. ಹನ್ನೆರಡು ಜನ ಸುತ್ತ ನಿಂತರೆ ಇಬ್ಬರು ಕಲಿಯುತ್ತಾರೆ, ಉಳಿದವರು ರೀಡಿಂಗ್ ಬರೆದುಕೊಳ್ಳುತ್ತಾರೆ.

ಸೇರಿದ ಮೇಲೆ ಎನರ್ಜಿಯನ್ನು ಕಟ್ಟಿಕೊಳ್ಳುವ ಬಗೆ ಹೀಗೆ. ಇಲೆಕ್ಟ್ರಿಕಲ್ ಓದುವವನು ಐಐಟಿಗಳ ಆನ್‌ಲೈನ್ ಪಾಠವೇದಿಕೆ ಎನ್‌ಪಿಟೆಲ್‌ನಲ್ಲಿ ಥರ್ಮೋಡೈನಮಿಕ್ಸ್ ಮತ್ತು ಹೀಟ್ ಟ್ರಾನ್ಸ್‌ಫರ್ ಪರೀಕ್ಷೆ ಬರೆಯಬೇಕು. ಮೆಕ್ಯಾನಿಕಲ್ ಓದುವವನು ಮೂರು ಫೇಸ್ ವಿದ್ಯುತ್, ಇಂಡಕ್ಷನ್ ಮೋಟರ್, ಟ್ರಾನ್ಸ್‌ಫಾರ್ಮರ್ ಕಲಿಯಬೇಕು. ಹೆಚ್ಚುವರಿ 18 ಕ್ರೆಡಿಟ್‌ಗಳನ್ನು ಇಂಥ ಆನ್‌ಲೈನ್ ಕೋರ್ಸುಗಳಿಂದ ಗಳಿಸಿ ವಿಟಿಯುದಲ್ಲಿ ಆನರ್ಸ್ ಪಡೆಯುವ ದಾರಿಯೂ ಇದೆ. ಐಚ್ಛಿಕ ವಿಷಯದಲ್ಲಿ ಎನರ್ಜಿ ಆಡಿಟಿಂಗ್ ಇದ್ದರೆ ಬಿಡಬೇಡಿ. ಅಂಕ ಸುಲಭವಾಗಿ ಬರುವ ವಿಷಯ ಎಂದು ತೆಗೆದುಕೊಳ್ಳುವವರೇ ಹೆಚ್ಚು. ನಿಜವಾಗಿ ಓದಿದವರಿಗೆ ಅದು ಅನ್ನ ಕೊಡುತ್ತದೆ.

ಪ್ರಶ್ನೆ: ನಾವು ವಿಜಯಪುರ ಜಿಲ್ಲೆಯವರು. ನಮಗೆ 371(ಜೆ) ಮೀಸಲಾತಿ ಸಿಗುತ್ತದೆಯೇ?
ವಿದ್ಯಾರ್ಥಿನಿ, ಇಂಡಿ

ಉತ್ತರ: ಇಲ್ಲ. ಅದು ಕಲ್ಯಾಣ ಕರ್ನಾಟಕದ ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಜಿಲ್ಲೆಗಳಿಗೆ ಮಾತ್ರ. ನಿಮಗೆ ನೆರವಾಗಬಹುದಾದದ್ದು ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ಕೋಟಾ. 1ರಿಂದ 10ನೇ ತರಗತಿವರೆಗೆ ಹಳ್ಳಿಯಲ್ಲಿ ಓದಿದವರಿಗೆ ಗ್ರಾಮೀಣ ಕೋಟಾ, ಆ ಹತ್ತೂ ವರ್ಷ ಕನ್ನಡದಲ್ಲಿ ಓದಿದವರಿಗೆ ಕನ್ನಡ ಮಾಧ್ಯಮ ಕೋಟಾ. ಎರಡು ಮೂರು ಶಾಲೆ ಬದಲಿಸಿದ್ದರೆ ಪ್ರತಿ ಶಾಲೆಯಿಂದಲೂ ಪ್ರಮಾಣಪತ್ರ ಬೇಕು, ಅದಕ್ಕೆ ಬಿಇಒ ಸಹಿ ಬೇಕು. ಸಿಇಟಿ ಅರ್ಜಿಯಲ್ಲಿ ಆ ಕೋಟಾ ಕೇಳದೆ ಬಿಟ್ಟು ಆಮೇಲೆ ಕಾಗದ ತೋರಿಸಿದರೆ ಉಪಯೋಗವಾಗುವುದಿಲ್ಲ.

ಪ್ರಶ್ನೆ: ಮೆಕ್ಯಾನಿಕಲ್ ಎರಡನೇ ವರ್ಷ ಓದುತ್ತಿದ್ದೇನೆ. ನಮ್ಮೂರಿನಿಂದ ಕೂಡಗಿಯ ಚಿಮಣಿ ಕಾಣುತ್ತದೆ. ಅಲ್ಲಿ ಕೆಲಸ ಸಿಗಬೇಕೆಂದರೆ ಈಗಿನಿಂದ ಏನು ಮಾಡಬೇಕು?
ವಿದ್ಯಾರ್ಥಿ, ಬಸವನಬಾಗೇವಾಡಿ

ಉತ್ತರ: ಕೂಡಗಿ ಎನ್‌ಟಿಪಿಸಿ ಸ್ಥಾವರದಲ್ಲಿ 800 ಮೆಗಾವ್ಯಾಟಿನ ಮೂರು ಘಟಕಗಳಿವೆ, ಒಟ್ಟು 2,400 ಮೆಗಾವ್ಯಾಟ್. ಮೂರೂ ಸೂಪರ್‌ಕ್ರಿಟಿಕಲ್. ಅಂದರೆ ಬಾಯ್ಲರಿನೊಳಗಿನ ನೀರು 221 ಬಾರ್‌ಗಿಂತ ಹೆಚ್ಚಿನ ಒತ್ತಡದಲ್ಲಿರುತ್ತದೆ. ಅಲ್ಲಿ ನೀರು ಕುದಿದು ಗುಳ್ಳೆಯಾಗುವ ಹಂತವೇ ಇಲ್ಲ, ಹಾಗಾಗಿ ನೀರು ಮತ್ತು ಉಗಿ ಬೇರ್ಪಡಿಸುವ ಡ್ರಮ್ಮೂ ಬೇಕಿಲ್ಲ. ಸಂದರ್ಶನದಲ್ಲಿ ಮೊದಲು ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು.

ಕೆಲಸಕ್ಕೆ ಮುಂಚೆ ಒಂದು ಲೆಕ್ಕ ಮಾಡಿ ನೋಡಿ. ಒಂದು ಯೂನಿಟ್ ವಿದ್ಯುತ್ತಿಗೆ 2,250 ಕಿಲೋಕ್ಯಾಲರಿ ಶಾಖ ಬೇಕು, ಕಲ್ಲಿದ್ದಲು ಕಿಲೋಗೆ 4,000 ಕಿಲೋಕ್ಯಾಲರಿ ಕೊಡುತ್ತದೆ ಎಂದಿಟ್ಟುಕೊಳ್ಳಿ. ಯೂನಿಟ್ಟಿಗೆ 0.56 ಕಿಲೋ ಕಲ್ಲಿದ್ದಲು. 800 ಮೆಗಾವ್ಯಾಟಿನ ಒಂದು ಘಟಕ ಪೂರ್ತಿ ಓಡಿದರೆ ಗಂಟೆಗೆ ಸುಮಾರು 450 ಟನ್. ಈ ಒಂದು ಲೆಕ್ಕ ಕೈಗೆ ಬಂದರೆ ರೈಲು ವ್ಯಾಗನ್ನು, ಕಲ್ಲಿದ್ದಲು ಪುಡಿ ಮಾಡುವ ಮಿಲ್ಲು, ಬೂದಿ ಸಾಗಿಸುವ ಕೊಳವೆ, ಆಲಮಟ್ಟಿ ಹಿನ್ನೀರಿನಿಂದ ತರುವ ನೀರು ಎಲ್ಲವೂ ಯಾಕೆ ಅಷ್ಟು ದೊಡ್ಡವು ಎಂಬುದು ತಾನಾಗಿ ಅರ್ಥವಾಗುತ್ತದೆ.

ಕಾಯಂ ಇಂಜಿನಿಯರ್ ಆಗುವ ಮುಖ್ಯ ದಾರಿ ಗೇಟ್, ಅಂದರೆ ಇಂಜಿನಿಯರಿಂಗ್ ಪದವೀಧರರ ರಾಷ್ಟ್ರೀಯ ಪರೀಕ್ಷೆ. ಎನ್‌ಟಿಪಿಸಿ ಎಕ್ಸಿಕ್ಯುಟಿವ್ ಟ್ರೇನಿ ಹುದ್ದೆಗೆ ಬಿ.ಇ.ಯಲ್ಲಿ ಸಾಮಾನ್ಯ ವರ್ಗಕ್ಕೆ ಶೇ 65 ಅಂಕ ಕೇಳುತ್ತಾರೆ, ವಯಸ್ಸಿನ ಮಿತಿ 27 ವರ್ಷ. ವೇತನಶ್ರೇಣಿ 40,000ದಿಂದ 1,40,000 ರೂಪಾಯಿಯದು. ಆ 65ರಲ್ಲಿ ಎಡವುವವರು ಬಹಳ. ಎರಡನೇ ವರ್ಷದಲ್ಲಿ ಎರಡು ವಿಷಯ ಉಳಿಸಿಕೊಂಡು ಆಮೇಲೆ ಗೇಟ್‌ನಲ್ಲಿ ಚೆನ್ನಾಗಿ ಮಾಡಿದರೂ ಬಾಗಿಲು ತೆರೆಯುವುದಿಲ್ಲ. ಇನ್ನೊಂದು ಮಾತು: ಆಯ್ಕೆ ದೇಶದ ಮಟ್ಟದ್ದು. ಕೂಡಗಿಯಲ್ಲೇ ಹಾಕುತ್ತಾರೆ ಎಂಬ ಭರವಸೆ ಇಲ್ಲ, ಛತ್ತೀಸಗಡಕ್ಕೂ ಹೋಗಬೇಕಾಗಬಹುದು.

ಗೇಟ್ ಕೈಹಿಡಿಯದಿದ್ದರೆ ಕಲ್ಲಿದ್ದಲು ಸಾಗಣೆ, ಬೂದಿ ನಿರ್ವಹಣೆ, ಪಂಪು-ವಾಲ್ವ್ ದುರಸ್ತಿಯ ಕೆಲಸ ಹಿಡಿದಿರುವ ಗುತ್ತಿಗೆ ಸಂಸ್ಥೆಗಳಲ್ಲಿ ಸೇರಬಹುದು. ಸಂಬಳ ಕಡಿಮೆ, ಕಲಿಕೆ ಹೆಚ್ಚು. ನ್ಯಾಷನಲ್ ಪವರ್ ಟ್ರೇನಿಂಗ್ ಇನ್‌ಸ್ಟಿಟ್ಯೂಟ್ ನಾಗಪುರ ಮುಂತಾದ ಕಡೆ ಒಂದು ವರ್ಷದ ಥರ್ಮಲ್ ಪವರ್ ಪ್ಲಾಂಟ್ ಪಿಜಿ ಡಿಪ್ಲೊಮಾ ನಡೆಸುತ್ತದೆ; ಸಿಮ್ಯುಲೇಟರ್ ಮೇಲೆ ಘಟಕ ಚಾಲೂ ಮಾಡುವುದು, ನಿಲ್ಲಿಸುವುದು ಕಲಿಸುತ್ತಾರೆ. ಖಾಸಗಿ ಸ್ಥಾವರಗಳ ಕಂಟ್ರೋಲ್ ರೂಮಿಗೆ ಇದು ನೇರ ದಾರಿ.

ಬಹಳ ವಿದ್ಯಾರ್ಥಿಗಳು ಮೂರು ಸಂಸ್ಥೆಗಳನ್ನು ಬೆರೆಸಿಬಿಡುತ್ತಾರೆ, ಅದಕ್ಕೆ ಹೇಳಿಬಿಡುತ್ತೇವೆ. ವಿದ್ಯುತ್ ತಯಾರಿಸುವುದು ಕೆಪಿಸಿಎಲ್. ಆಲಮಟ್ಟಿಯ 290 ಮೆಗಾವ್ಯಾಟ್ ಜಲವಿದ್ಯುತ್ ಘಟಕ ಅದರದು. ದೊಡ್ಡ ಲೈನುಗಳಲ್ಲಿ ಸಾಗಿಸುವುದು ಕೆಪಿಟಿಸಿಎಲ್. ನಮ್ಮ ಮೂರೂ ಜಿಲ್ಲೆಗಳ ಮನೆ, ಹೊಲ, ಕಾರ್ಖಾನೆಗೆ ಹಂಚುವುದು ಹೆಸ್ಕಾಂ. ಕೂಡಗಿ ಈ ಮೂರರದ್ದೂ ಅಲ್ಲ, ಕೇಂದ್ರ ಸರ್ಕಾರದ ಕಂಪನಿಯದು. ಅರ್ಜಿ ಕರೆಯುವವರು ಬೇರೆ, ಪರೀಕ್ಷೆಯೂ ಬೇರೆ.

ಪ್ರಶ್ನೆ: ಬಿ.ಇ. ಇಲೆಕ್ಟ್ರಿಕಲ್ ಮುಗಿದಿದೆ. ಸಕ್ಕರೆ ಕಾರ್ಖಾನೆಯ ಕೋಜೆನ್ (ಸಹವಿದ್ಯುತ್) ಘಟಕದಲ್ಲಿ ಟ್ರೇನಿ ಕೆಲಸ ಸಿಗುವಂತಿದೆ. ‘ಕಬ್ಬಿನ ಫ್ಯಾಕ್ಟರಿಗೆ ಇಂಜಿನಿಯರಿಂಗ್ ಓದಬೇಕಿತ್ತೇ’ ಎಂದು ಮನೆಯಲ್ಲಿ ಬೇಸರ. ಹೋಗಲೇ?
ಓದುಗ, ಮುಧೋಳ

ಉತ್ತರ: ಹೋಗಿ. ಮನೆಯವರಿಗೆ ಈ ಲೆಕ್ಕ ತೋರಿಸಿ.

ದಿನಕ್ಕೆ 5,000 ಟನ್ ಕಬ್ಬು ನುರಿಸುವ ಕಾರ್ಖಾನೆ ಎಂದರೆ ಗಂಟೆಗೆ 208 ಟನ್. ಅದರಲ್ಲಿ ಶೇ 29ರಷ್ಟು ಬಗ್ಯಾಸ್ (ರಸ ಹಿಂಡಿದ ಕಬ್ಬಿನ ಸಿಪ್ಪೆ), ಅಂದರೆ ಗಂಟೆಗೆ 60 ಟನ್. ಒಂದು ಟನ್ ಬಗ್ಯಾಸಿನಿಂದ ಸುಮಾರು 2.2 ಟನ್ ಉಗಿ ಬರುತ್ತದೆ. ಗಂಟೆಗೆ 130 ಟನ್ ದಾಟಿತು. ಚದರ ಸೆಂಟಿಮೀಟರಿಗೆ 87 ಕೆ.ಜಿ. ಒತ್ತಡ, 515 ಡಿಗ್ರಿಯ ಬಾಯ್ಲರ್ ಇದ್ದರೆ ಈ ಉಗಿ ಟರ್ಬೈನ್ ತಿರುಗಿಸಿ 25 ಮೆಗಾವ್ಯಾಟಿನ ಆಸುಪಾಸು ವಿದ್ಯುತ್ ಕೊಡುತ್ತದೆ. ಟರ್ಬೈನಿನ ಮಧ್ಯದಿಂದ ತೆಗೆದ ಕಡಿಮೆ ಒತ್ತಡದ ಉಗಿ ಕಬ್ಬಿನ ರಸ ಕುದಿಸಲು ಹೋಗುತ್ತದೆ. ಒಂದೇ ಬೆಂಕಿಯಿಂದ ವಿದ್ಯುತ್ತೂ ಆಯಿತು, ಸಕ್ಕರೆಯೂ ಆಯಿತು. ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳಲ್ಲಿ ಇಂಥ ಕಾರ್ಖಾನೆಗಳು ಬಸ್ಸಿನಲ್ಲಿ ಹೋಗಿ ಬರುವ ದೂರದಲ್ಲಿವೆ. ಬಾಯ್ಲರ್, ಟರ್ಬೈನ್, ಜನರೇಟರ್, 110 ಕೆವಿ ಸ್ವಿಚ್‌ಯಾರ್ಡ್, ನೀರಿನ ಶುದ್ಧೀಕರಣ, ಡಿಸಿಎಸ್ (ಘಟಕ ನಿಯಂತ್ರಿಸುವ ಕಂಪ್ಯೂಟರ್ ವ್ಯವಸ್ಥೆ) ಎಲ್ಲವೂ ಒಂದೇ ಆವರಣದಲ್ಲಿ ಕಾಣಸಿಗುತ್ತವೆ. ದೊಡ್ಡ ಸ್ಥಾವರದಲ್ಲಿ ಐದು ವರ್ಷ ಒಂದೇ ವಿಭಾಗದಲ್ಲಿ ಕಳೆಯುವವನಿಗೆ ಈ ನೋಟ ಸಿಗುವುದಿಲ್ಲ.

ಅಲ್ಲಿ ಕಲಿಯಬೇಕಾದ ಎರಡು ಸಂಗತಿಗಳನ್ನು ಬಿಡಿಸಿ ಹೇಳುತ್ತೇವೆ, ಯಾಕೆಂದರೆ ಹಂಗಾಮಿನಲ್ಲಿ ನಷ್ಟ ಬರುವುದು ಬಹುಮಟ್ಟಿಗೆ ಇವುಗಳಿಂದ.

ಒಂದು, ಬಗ್ಯಾಸಿನ ತೇವಾಂಶ. ಕಬ್ಬಿನ ಸಿಪ್ಪೆಯ ನಿವ್ವಳ ಶಾಖಮೌಲ್ಯಕ್ಕೆ ಕಾರ್ಖಾನೆಗಳಲ್ಲಿ ಬಳಸುವ ಸೂತ್ರ: 4,250ರಿಂದ ಸಕ್ಕರೆ ಅಂಶದ ಹತ್ತು ಪಟ್ಟು ಮತ್ತು ತೇವಾಂಶದ 48 ಪಟ್ಟು ಕಳೆಯಬೇಕು. ಸಕ್ಕರೆ ಅಂಶ ಶೇ 2, ತೇವಾಂಶ ಶೇ 50 ಇದ್ದರೆ ಕಿಲೋಗೆ 1,830 ಕಿಲೋಕ್ಯಾಲರಿ. ತೇವಾಂಶ 52ಕ್ಕೆ ಏರಿದರೆ 1,734. ಎರಡೇ ಅಂಶ ಏರಿದ್ದಕ್ಕೆ ಶೇ 5ರಷ್ಟು ಶಾಖ ಹೋಯಿತು. ಕೊನೆಯ ಮಿಲ್ಲಿನ ರೋಲರ್ ಸವೆದಿದ್ದರೆ, ಅಥವಾ ಮಿಲ್ಲಿಗೆ ಬಿಡುವ ನೀರು ಹೆಚ್ಚಾಗಿದ್ದರೆ ಇದು ಆಗುತ್ತದೆ. ಬಾಯ್ಲರಿನವನು ಉಗಿ ಬರುತ್ತಿಲ್ಲ ಎಂದು ಗಾಳಿ ಹೆಚ್ಚಿಸುತ್ತಾನೆ, ಹೆಚ್ಚಾದ ಗಾಳಿ ಇನ್ನಷ್ಟು ಶಾಖವನ್ನು ಚಿಮಣಿಯಿಂದ ಹೊರಗೆ ಒಯ್ಯುತ್ತದೆ. ತಪ್ಪು ಇರುವುದು ಮಿಲ್ಲಿನಲ್ಲಿ, ಹುಡುಕುವುದು ಬಾಯ್ಲರಿನಲ್ಲಿ. ಚಿಮಣಿ ಅನಿಲದಲ್ಲಿ ಆಮ್ಲಜನಕ ಶೇ 4–5ರ ನಡುವೆ ಇದೆಯೇ ಎಂದು ಮೊದಲು ನೋಡುವ ಅಭ್ಯಾಸ ಬೆಳೆಸಿಕೊಳ್ಳಿ, ಆಮೇಲೆ ಲ್ಯಾಬಿಗೆ ಫೋನ್ ಮಾಡಿ ಆ ಗಂಟೆಯ ತೇವಾಂಶ ಕೇಳಿ.

ಎರಡು, ಕಂಡೆನ್ಸೇಟಿನಲ್ಲಿ ಸಕ್ಕರೆ. ರಸ ಕುದಿಸುವ ಪಾತ್ರೆಗಳಿಂದ ತಣಿದು ಬರುವ ನೀರನ್ನು ಮತ್ತೆ ಬಾಯ್ಲರಿಗೆ ಕೊಡುತ್ತಾರೆ. ಪಾತ್ರೆಯ ಟ್ಯೂಬ್ ತೂತಾಗಿದ್ದರೆ, ರಸ ಉಕ್ಕಿ ಆವಿಯ ಜೊತೆ ಬಂದಿದ್ದರೆ ಆ ನೀರಿಗೆ ಸಕ್ಕರೆ ಸೇರುತ್ತದೆ. ಬಾಯ್ಲರಿನ ಶಾಖಕ್ಕೆ ಅದು ಒಡೆದು ಆಮ್ಲವಾಗುತ್ತದೆ, ನೀರಿನ ಪಿಎಚ್ ಬೀಳುತ್ತದೆ, ಡ್ರಮ್ಮಿನಲ್ಲಿ ನೊರೆ ಏಳುತ್ತದೆ, ನೊರೆಯ ಜೊತೆ ಲವಣ ಟರ್ಬೈನಿನ ಬ್ಲೇಡಿಗೆ ಹೋಗಿ ಕೂರುತ್ತದೆ. ಪತ್ತೆಗೆ ಆಲ್ಫಾ ನ್ಯಾಫ್ಥಾಲ್ ಪರೀಕ್ಷೆ ಇದೆ: ಪ್ರನಾಳದ ನೀರಿಗೆ ಕೆಲವು ಹನಿ ಆ ದ್ರಾವಣ ಹಾಕಿ, ಬದಿಯಿಂದ ಗಂಧಕಾಮ್ಲ ಇಳಿಬಿಟ್ಟರೆ ಸಕ್ಕರೆ ಇದ್ದಲ್ಲಿ ನೇರಳೆ ಉಂಗುರ ಕಾಣುತ್ತದೆ. ಕಂಡ ಕೂಡಲೇ ಆ ಕಂಡೆನ್ಸೇಟನ್ನು ಹೊರಗೆ ಬಿಡಬೇಕು, ಶುದ್ಧ ನೀರಿಗೆ ಬದಲಿಸಬೇಕು, ಬ್ಲೋಡೌನ್ (ಬಾಯ್ಲರಿನ ನೀರನ್ನು ಸ್ವಲ್ಪ ಹೊರಬಿಡುವುದು) ಹೆಚ್ಚಿಸಿ ಪಿಎಚ್ ಸರಿಪಡಿಸಬೇಕು. ‘ಇನ್ನೊಂದು ಗಂಟೆ ನೋಡೋಣ’ ಎಂದವರು ಟ್ಯೂಬ್ ಒಡೆದು ಎರಡು ದಿನ ಕಾರ್ಖಾನೆ ನಿಲ್ಲಿಸಿದ ಉದಾಹರಣೆಗಳಿವೆ. ಆ ಎರಡು ದಿನ ಗಾಡಿ ಗಾಡಿ ಕಬ್ಬು ಅಂಗಳದಲ್ಲಿ ಒಣಗುತ್ತದೆ, ತೂಕ ಕಳೆದುಕೊಳ್ಳುವುದು ರೈತ.

ಒಪ್ಪಿಕೊಳ್ಳುವ ಮುಂಚೆ ಕೇಳಬೇಕಾದ್ದು: ಹುದ್ದೆ ಕಾಯಂ ಹುದ್ದೆಯೋ ಹಂಗಾಮಿನದೋ? ಹಂಗಾಮಿನದಾದರೆ ಕಾರ್ಖಾನೆ ನಿಂತ ತಿಂಗಳುಗಳಲ್ಲಿ ರಿಟೇನಿಂಗ್ ಭತ್ಯೆ ಎಷ್ಟು? ಹಂಗಾಮು ಮುಗಿದ ಮೇಲಿನ ಓವರ್‌ಹಾಲ್‌ಗೆ ನಿಮ್ಮನ್ನು ಇಟ್ಟುಕೊಳ್ಳುತ್ತಾರೆಯೇ? ಈ ಕೊನೆಯದು ಮುಖ್ಯ, ಯಂತ್ರ ಬಿಚ್ಚಿ ನೋಡುವುದು ಆಗಲೇ. ಜೊತೆಗೆ ಡಿಸ್ಟಿಲರಿ ಇದೆಯೇ ಕೇಳಿ. ಎಥನಾಲ್ ಘಟಕ ಇರುವ ಕಡೆ ಹಂಗಾಮಿನ ಹೊರಗೂ ಉಗಿ ಬೇಕು, ಕೆಲಸವೂ ಇರುತ್ತದೆ.

ಬಾಯ್ಲರಿನ ಕಡೆ ಹೋಗುವವರು ಅಗತ್ಯ ಅನುಭವ ಆದ ಮೇಲೆ ಬಾಯ್ಲರ್ ಆಪರೇಷನ್ ಇಂಜಿನಿಯರ್ ಪರೀಕ್ಷೆ ಬರೆಯಬೇಕು. ಬಿಒಇ ಎಂದು ಕರೆಯುವ ಈ ಪ್ರಮಾಣಪತ್ರ ಇದ್ದವರಿಗೆ ಸಿಮೆಂಟ್, ಕಾಗದ, ರಾಸಾಯನಿಕ ಕಾರ್ಖಾನೆಗಳೂ ಬಾಗಿಲು ತೆರೆಯುತ್ತವೆ. ಸಕ್ಕರೆ ಕ್ಷೇತ್ರದಲ್ಲೇ ಉಳಿಯುವ ಮನಸ್ಸಿದ್ದರೆ ಬೆಳಗಾವಿಯ ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆಯ ಕೋರ್ಸುಗಳನ್ನು ವಿಚಾರಿಸಿ.

ಪ್ರಶ್ನೆ: ಉದ್ಯಮಬಾಗದ ಫೌಂಡ್ರಿಯಲ್ಲಿ ಮೇಂಟೆನೆನ್ಸ್ ಇಂಜಿನಿಯರ್ ಆಗಿ ಎರಡು ವರ್ಷ ಆಯಿತು. ಎನರ್ಜಿ ಆಡಿಟರ್ ಆಗುವುದು ಹೇಗೆ?
ಓದುಗ, ಬೆಳಗಾವಿ

ಉತ್ತರ: ಇನ್ನೊಂದು ವರ್ಷ ಕಾಯಬೇಕು. ಬ್ಯೂರೋ ಆಫ್ ಎನರ್ಜಿ ಎಫಿಶಿಯೆನ್ಸಿಯ ರಾಷ್ಟ್ರೀಯ ಪರೀಕ್ಷೆಗೆ ಬಿ.ಇ. ಆದವರಿಗೆ ಮೂರು ವರ್ಷ, ಎಂ.ಟೆಕ್ ಆದವರಿಗೆ ಎರಡು, ಡಿಪ್ಲೊಮಾದವರಿಗೆ ಆರು ವರ್ಷದ ಅನುಭವ ಬೇಕು. ಅನುಭವ ಶಕ್ತಿ ಬಳಕೆಗೆ ಸಂಬಂಧಿಸಿದ ಕೆಲಸದ್ದಾಗಿರಬೇಕು. ಫೌಂಡ್ರಿ ಮೇಂಟೆನೆನ್ಸ್ ಅದರೊಳಗೆ ಬರುತ್ತದೆ, ಆದರೆ ನಿಮ್ಮ ಅನುಭವ ಪತ್ರದಲ್ಲಿ ‘ಫರ್ನೆಸ್, ಕಂಪ್ರೆಸರ್, ಸಬ್‌ಸ್ಟೇಷನ್ ನಿರ್ವಹಣೆ’ ಎಂದು ಸ್ಪಷ್ಟವಾಗಿ ಬರೆಸಿಕೊಳ್ಳಿ. ಬರೀ ‘ಇಂಜಿನಿಯರ್’ ಎಂದಿದ್ದರೆ ಅರ್ಜಿ ಅಲ್ಲೇ ನಿಲ್ಲಬಹುದು.

ಪತ್ರಿಕೆ ನಾಲ್ಕು. ಮೊದಲನೆಯದು ಸಾಮಾನ್ಯ ತತ್ವ ಮತ್ತು ಕಾಯ್ದೆ, ಎರಡನೆಯದು ಶಾಖದ ಉಪಕರಣ, ಮೂರನೆಯದು ವಿದ್ಯುತ್ ಉಪಕರಣ. ಈ ಮೂರರಲ್ಲೂ ತಲಾ ಶೇ 50 ಬಂದರೆ ಎನರ್ಜಿ ಮ್ಯಾನೇಜರ್. ನಾಲ್ಕನೆಯದು ಪುಸ್ತಕ ನೋಡಿ ಬರೆಯುವ ಲೆಕ್ಕದ ಪತ್ರಿಕೆ. ಅದೂ ಆದರೆ ಆಡಿಟರ್. ಪುಸ್ತಕ ಕೈಯಲ್ಲಿದೆ ಎಂಬ ಧೈರ್ಯದಿಂದ ಕೂತವರೇ ನಾಲ್ಕನೆಯದರಲ್ಲಿ ಸೋಲುತ್ತಾರೆ, ಹುಡುಕುವುದರಲ್ಲೇ ಸಮಯ ಹೋಗುತ್ತದೆ. ಬಾಯ್ಲರ್ ದಕ್ಷತೆ, ಪಂಪು, ಕೂಲಿಂಗ್ ಟವರ್, ಫರ್ನೆಸ್ ಇವುಗಳ ಲೆಕ್ಕ ಪುಸ್ತಕ ಮುಚ್ಚಿ ಮಾಡಲು ಬರಬೇಕು. ಕಾಯ್ದೆ ಪ್ರಕಾರ ದೊಡ್ಡ ಕಾರ್ಖಾನೆಗಳಲ್ಲಿ ಕಡ್ಡಾಯ ಆಡಿಟ್‌ಗೆ ಸಹಿ ಹಾಕಲು ‘ಅಕ್ರೆಡಿಟೆಡ್’ ಆಡಿಟರ್ ಆಗಬೇಕು, ಅದಕ್ಕೆ ಐದು ವರ್ಷದ ಆಡಿಟ್ ಅನುಭವ ಬೇಕು.

ಕಾಯುವ ಈ ಒಂದು ವರ್ಷ ನಿಮ್ಮ ಫೌಂಡ್ರಿಯೇ ನಿಮಗೆ ಪ್ರಯೋಗಶಾಲೆ. ಒಂದು ಟನ್ ಎರಕದ ಕಬ್ಬಿಣ ಕರಗಿಸಿ ಸುರಿಯುವ ಶಾಖಕ್ಕೆ ಏರಿಸಲು ಬೇಕಾದ ಶಕ್ತಿ ಸುಮಾರು 400 ಯೂನಿಟ್. ನಿಮ್ಮ ಮೀಟರು 550 ತೋರಿಸಬಹುದು, 650 ತೋರಿಸಬಹುದು. ನಡುವಿನ ಅಂತರ ಎಲ್ಲಿ ಹೋಯಿತು? ಒಂದು ವಾರ ಪ್ರತಿ ಹೀಟ್‌ಗೆ (ಒಂದು ಸಲ ಕರಗಿಸಿ ಸುರಿಯುವ ಸುತ್ತಿಗೆ) ಚಾಲೂ ಆದ ಹೊತ್ತು, ಕರಗಿದ ಹೊತ್ತು, ಸುರಿದ ಹೊತ್ತು, ಯೂನಿಟ್ ಬರೆದಿಡಿ. ಬಹಳ ಕಡೆ ಉತ್ತರ ಫರ್ನೆಸಿನಲ್ಲಿ ಇರುವುದಿಲ್ಲ: ಲೋಹ ಕರಗಿ ಸಿದ್ಧ, ಅಚ್ಚು ಸಿದ್ಧ ಇಲ್ಲ. ಆ ಇಪ್ಪತ್ತು ನಿಮಿಷ ಮುಚ್ಚಳ ತೆರೆದ ಫರ್ನೆಸ್ ಶಾಖವನ್ನು ಛಾವಣಿಗೆ ಸುರಿಯುತ್ತಿರುತ್ತದೆ. ಮೋಲ್ಡಿಂಗ್ ಮೇಸ್ತ್ರಿಯ ಜೊತೆ ಸಮಯ ಹೊಂದಿಸಿದರೆ ಒಂದು ಪೈಸೆ ಖರ್ಚಿಲ್ಲದೆ ಯೂನಿಟ್ ಇಳಿಯುತ್ತದೆ.

ಇನ್ನೊಂದು ಲೆಕ್ಕ ಪವರ್ ಫ್ಯಾಕ್ಟರಿನದು, ಅಂದರೆ ಎಳೆದ ವಿದ್ಯುತ್ತಿನಲ್ಲಿ (ಕೆವಿಎ) ಕೆಲಸಕ್ಕೆ ಬಂದದ್ದರ (ಕಿಲೋವ್ಯಾಟ್) ಪಾಲು. 200 ಕಿಲೋವ್ಯಾಟ್ ಲೋಡ್ 0.80ರಲ್ಲಿ ಓಡಿದರೆ 250 ಕೆವಿಎ. 0.98ಕ್ಕೆ ಏರಿಸಿದರೆ 204 ಕೆವಿಎ. ಬೇಕಾದ ಕೆಪಾಸಿಟರ್ ಸುಮಾರು 110 ಕೆವಿಎಆರ್. ಎಚ್‌ಟಿ (ಹೈ ಟೆನ್ಷನ್) ಸಂಪರ್ಕದ ಬಿಲ್ಲಿನಲ್ಲಿ ಡಿಮ್ಯಾಂಡ್ ಶುಲ್ಕ ಕೆವಿಎ ಮೇಲೆ ಬೀಳುವುದರಿಂದ ಉಳಿತಾಯ ತಿಂಗಳಲ್ಲೇ ಕಾಣುತ್ತದೆ. ಎಚ್ಚರ ಒಂದೇ: ಇಂಡಕ್ಷನ್ ಫರ್ನೆಸ್ ಇರುವ ಕಡೆ ಹಾರ್ಮೋನಿಕ್ಸ್ (ವಿದ್ಯುತ್ ಅಲೆಯ ವಿಕೃತಿ) ಅಳೆಯದೆ ಬರೀ ಕೆಪಾಸಿಟರ್ ಕೂರಿಸಬಾರದು. ಅನುರಣನವಾಗಿ ಕೆಪಾಸಿಟರ್ ಉಬ್ಬಿ ಸಿಡಿಯುತ್ತದೆ. ಸೀರೀಸ್ ರಿಯಾಕ್ಟರ್ ಜೊತೆಗೇ ಹಾಕಬೇಕು.

ಪ್ರಶ್ನೆ: ಮಗಳು ಇಲೆಕ್ಟ್ರಿಕಲ್ ಓದುತ್ತಿದ್ದಾಳೆ. ಪವರ್ ಪ್ಲಾಂಟ್, ಕಂಬ, ಲೈನು ಎಲ್ಲ ಗಂಡಸರ ಕೆಲಸ, ಸಾಫ್ಟ್‌ವೇರಿಗೆ ಹೋಗಲಿ ಎನ್ನುತ್ತಾರೆ ಮನೆಯವರು.
ಒಬ್ಬ ತಾಯಿ, ಇಳಕಲ್

ಉತ್ತರ: ಅಮ್ಮಾ, ಮಗಳು ಇಷ್ಟಪಟ್ಟು ಓದುತ್ತಿದ್ದರೆ ಶಾಖೆ ಬಿಡಿಸಬೇಡಿ. ಹೆಸ್ಕಾಂ ಸೆಕ್ಷನ್ ಕಚೇರಿಗಳಲ್ಲಿ, ಕೆಪಿಟಿಸಿಎಲ್ ಸ್ವೀಕರಣಾ ಕೇಂದ್ರಗಳಲ್ಲಿ ಹೆಣ್ಣುಮಕ್ಕಳು ಇಂಜಿನಿಯರ್ ಆಗಿದ್ದಾರೆ. ಇಂಜಿನಿಯರ್ ಕಂಬ ಹತ್ತುವುದಿಲ್ಲ. ಲೈನ್ ಬಂದ್ ಮಾಡಿಸಿ, ಅರ್ಥ್ ಮಾಡಿಸಿ, ಕೆಲಸಕ್ಕೆ ಅನುಮತಿ ಕೊಡುವ ಜವಾಬ್ದಾರಿ ಅವರದು. ಲೆಕ್ಕ ಮತ್ತು ಕಂಪ್ಯೂಟರ್ ಎರಡೂ ಬರುವವರಿಗೆ ಇನ್ನೊಂದು ದಾರಿ ಇದೆ. ಗಾಳಿ ಮತ್ತು ಸೌರ ಘಟಕಗಳು ನಾಳೆ ಎಷ್ಟು ವಿದ್ಯುತ್ ಕೊಡುತ್ತೇವೆ ಎಂದು ದಿನದ 96 ಭಾಗಗಳಿಗೆ, ಅಂದರೆ ಪ್ರತಿ 15 ನಿಮಿಷಕ್ಕೆ, ಮೊದಲೇ ತಿಳಿಸಬೇಕು. ಗಾಳಿಯ ಶಕ್ತಿ ವೇಗದ ಘನದಂತೆ ಏರುತ್ತದೆ: ಸೆಕೆಂಡಿಗೆ 6 ಮೀಟರ್ ಎಂದುಕೊಂಡದ್ದು 7 ಬೀಸಿದರೆ ಶಕ್ತಿ ಶೇ 59ರಷ್ಟು ಹೆಚ್ಚು. ಸವದತ್ತಿ ಗುಡ್ಡದ ಗಾಳಿಯಂತ್ರಗಳಿಗೂ ಇದೇ ನಿಯಮ. ಅಂದಾಜು ತಪ್ಪಿದರೆ ದಂಡ ಬೀಳುತ್ತದೆ, ಆದ್ದರಿಂದ ಪೈಥಾನ್ ಮತ್ತು ಅಂಕಿಅಂಶ ಬಲ್ಲ ವಿದ್ಯುತ್ ಇಂಜಿನಿಯರುಗಳಿಗೆ ಈ ಕಂಪನಿಗಳಲ್ಲಿ ಜಾಗವಿದೆ. ಕೆಲಸ ಕಚೇರಿಯದು, ಹೆಚ್ಚಾಗಿ ಬೆಂಗಳೂರಿನಲ್ಲಿ. ಸ್ಥಾವರಕ್ಕೇ ಹೋಗುವುದಾದರೆ ರಾತ್ರಿ ಪಾಳಿಯ ನಿಯಮ, ಮನೆವರೆಗಿನ ವಾಹನ, ವಿಶ್ರಾಂತಿ ಕೋಣೆ ಇವನ್ನು ಸೇರುವ ಮುಂಚೆ ಕೇಳಲಿ. ಕೇಳುವುದರಲ್ಲಿ ಸಂಕೋಚ ಬೇಡ.

ಪ್ರಶ್ನೆ: ಡಿಪ್ಲೊಮಾ ಇಲೆಕ್ಟ್ರಿಕಲ್ ಮುಗಿಸಿ ಸೋಲಾರ್ ಕೆಲಸ ಹಿಡಿಯಬೇಕೆಂದಿದ್ದೇನೆ. ಎಲ್ಲರೂ ಹಾಕುತ್ತಿದ್ದಾರೆ, ಕಲಿಯಲು ಏನಿದೆ?
ಓದುಗ, ವಿಜಯಪುರ

ಉತ್ತರ: ಬಹಳ ಇದೆ, ಯಾಕೆಂದರೆ ಹಾಕುವವರೆಲ್ಲ ಲೆಕ್ಕ ಮಾಡುವುದಿಲ್ಲ. ಒಂದು ಉದಾಹರಣೆ. 540 ವ್ಯಾಟಿನ ಪ್ಯಾನೆಲ್, ಓಪನ್ ಸರ್ಕ್ಯೂಟ್ ವೋಲ್ಟೇಜ್ (ಲೋಡ್ ಇಲ್ಲದಾಗಿನ ವೋಲ್ಟೇಜ್) 49.5, ಇನ್ವರ್ಟರಿನ ಮಿತಿ 1,000 ವೋಲ್ಟ್. 20 ಪ್ಯಾನೆಲ್ ಸಾಲಾಗಿ ಜೋಡಿಸಿದರೆ 990, ಮಿತಿಯೊಳಗೆ ಇದೆ ಎನಿಸುತ್ತದೆ. ಆದರೆ 49.5 ಎಂಬುದು 25 ಡಿಗ್ರಿಯಲ್ಲಿ. ತಣ್ಣಗಾದಂತೆ ವೋಲ್ಟೇಜ್ ಏರುತ್ತದೆ, ಪ್ರತಿ ಡಿಗ್ರಿಗೆ ಶೇ 0.27ರಷ್ಟು. ವಿಜಯಪುರದ ಚಳಿಗಾಲದ ಬೆಳಗ್ಗೆ 10 ಡಿಗ್ರಿ ಎಂದು ಹಿಡಿದರೆ ಪ್ಯಾನೆಲ್ಲಿಗೆ 51.5, ಇಪ್ಪತ್ತಕ್ಕೆ 1,030. ಸೂರ್ಯ ಹುಟ್ಟಿದ ಹೊತ್ತಿಗೆ ಇನ್ವರ್ಟರ್ ಸುಟ್ಟಿತು. 18 ಹಾಕಿದರೆ 927, ನೆಮ್ಮದಿ. ಬೇಸಿಗೆಯಲ್ಲಿ ಪ್ಯಾನೆಲ್ 70 ಡಿಗ್ರಿ ಕಾದಾಗ ವೋಲ್ಟೇಜ್ ಇನ್ವರ್ಟರಿನ ಕೆಳಮಿತಿಗಿಂತ ಇಳಿಯುವುದಿಲ್ಲವೇ ಎಂದೂ ನೋಡಬೇಕು.

ನಮ್ಮ ಕಡೆಯ ಎರಡು ತೊಂದರೆಗಳು ಪುಸ್ತಕದಲ್ಲಿ ಸಿಗುವುದು ಕಡಿಮೆ. ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರುಕು ಬಿಡುತ್ತದೆ. ಹೊಲದಲ್ಲಿ ಕಂಬ ನಿಲ್ಲಿಸುವಾಗ ಕೆಳಗಿನ ಗರಸು ಸಿಗುವತನಕ ಅಗೆಯದೆ ಎರೆಯಲ್ಲೇ ಕಾಂಕ್ರೀಟ್ ಹಾಕಿದರೆ ಎರಡು ಮಳೆಗಾಲದಲ್ಲಿ ಸಾಲು ವಾಲುತ್ತದೆ, ಪ್ಯಾನೆಲ್ಲಿನ ಗಾಜು ಸೆಳೆತಕ್ಕೆ ಸೀಳುತ್ತದೆ. ಎರಡನೆಯದು ಬೋರ್‌ವೆಲ್ಲಿನ ಗಡಸು ನೀರು. ಬಿಸಿ ಗಾಜಿನ ಮೇಲೆ ಸುರಿದರೆ ಬಿಳಿ ಕಲೆ ಕಟ್ಟುತ್ತದೆ, ಆಮೇಲೆ ಉಜ್ಜಿದರೂ ಹೋಗುವುದಿಲ್ಲ. ಬೆಳಗ್ಗೆ ಗಾಜು ತಂಪಿದ್ದಾಗ, ಸಾಧ್ಯವಾದರೆ ಮಳೆನೀರು ಅಥವಾ ಆರ್‌ಒ ನೀರಿನಲ್ಲಿ ತೊಳೆಯಬೇಕು. ಪ್ಯಾನೆಲ್ ತಂತಿ ಕೂಡಿಸುವ ಎಂಸಿ4 ಕನೆಕ್ಟರ್‌ಗಳು ಬೇರೆ ಬೇರೆ ಕಂಪನಿಯವಾದರೆ ಅವನ್ನು ಒಂದಕ್ಕೊಂದು ಸಿಕ್ಕಿಸಬೇಡಿ. ಕೂಡಿದಂತೆ ಕಂಡರೂ ಒಳಗೆ ಸಡಿಲವಿದ್ದು ಕಾದು ಬೆಂಕಿ ಹತ್ತುತ್ತದೆ.

ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮನೆಗೆ 2 ಕಿಲೋವ್ಯಾಟ್ ತನಕ ಕಿಲೋವ್ಯಾಟಿಗೆ 30,000, ಮೂರು ಮತ್ತು ಹೆಚ್ಚಿನದಕ್ಕೆ ಒಟ್ಟು 78,000 ರೂಪಾಯಿ ಸಹಾಯಧನವಿದೆ. ಗಿರಾಕಿಗೆ ಒಂದು ಕಿಲೋವ್ಯಾಟ್ ದಿನಕ್ಕೆ ಸರಾಸರಿ 4 ಯೂನಿಟ್ ಕೊಡುತ್ತದೆ ಎಂದು ಹೇಳಿ. ಆರು ಎಂದು ಹೇಳಿ ಮಾರಿದವನಿಗೆ ಎರಡನೇ ಮನೆ ಸಿಗುವುದಿಲ್ಲ. ಸ್ವಂತ ಕೆಲಸ ಹಿಡಿಯುವ ಮುಂಚೆ ವಿದ್ಯುತ್ ಪರಿವೀಕ್ಷಣಾಲಯದಿಂದ ಸೂಪರ್‌ವೈಸರ್ ಪರ್ಮಿಟ್, ಆಮೇಲೆ ಗುತ್ತಿಗೆದಾರರ ಲೈಸೆನ್ಸ್ ಪಡೆಯಿರಿ.

ಪ್ರಶ್ನೆ: ವಿಟಿಯು ಸಿಜಿಪಿಎ 8. ಜರ್ಮನಿಯಲ್ಲಿ ರಿನ್ಯೂಎಬಲ್ ಎನರ್ಜಿ ಎಂ.ಎಸ್. ಸಾಧ್ಯವೇ?
ವಿದ್ಯಾರ್ಥಿನಿ, ಚಿಕ್ಕೋಡಿ

ಉತ್ತರ: ಸಾಧ್ಯ. ಜರ್ಮನಿಯ ಅಂಕಪದ್ಧತಿಯಲ್ಲಿ 1 ಶ್ರೇಷ್ಠ, 4 ಪಾಸಿನ ಕನಿಷ್ಠ. ನಿಮ್ಮ ಗರಿಷ್ಠ 10, ಪಾಸಿನ ಮಟ್ಟ 4 ಎಂದು ಹಿಡಿದು ಬವೇರಿಯನ್ ಸೂತ್ರ ಹಾಕಿದರೆ 8 ಎಂಬುದು 2.0 ಆಗುತ್ತದೆ, 2.5ರೊಳಗೆ ಕೇಳುವ ಕಡೆ ಅರ್ಜಿ ಹಾಕಬಹುದು. ಮೊದಲು ನಿಮ್ಮ ಓದಿನ ದಾಖಲೆ ಪರಿಶೀಲಿಸಿ ಕೊಡುವ ಎಪಿಎಸ್ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿ, ಅದಿಲ್ಲದೆ ವೀಸಾ ಮುಂದುವರಿಯುವುದಿಲ್ಲ. ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕ ಬಹುಪಾಲು ಇಲ್ಲ, ಆದರೆ ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ಸೆಮಿಸ್ಟರಿಗೆ 1,500 ಯೂರೋ ಇದೆ. ಖರ್ಚಿಗೆ ಬ್ಲಾಕ್ಡ್ ಅಕೌಂಟಿನಲ್ಲಿ (ತಿಂಗಳಿಗೆ ಇಷ್ಟೇ ಎಂದು ತೆಗೆಯಬಹುದಾದ ಖಾತೆಯಲ್ಲಿ) ವರ್ಷಕ್ಕೆ 11,904 ಯೂರೋ ತೋರಿಸಬೇಕು. ಪಾಠ ಇಂಗ್ಲಿಷಿನಲ್ಲಿದ್ದರೂ ಕೆಲಸಕ್ಕೆ ಜರ್ಮನ್ ಬೇಕೇ ಬೇಕು; ಬಿ1 ಮಟ್ಟವನ್ನು ಇಲ್ಲಿಂದಲೇ ಮುಗಿಸಿ ಹೋಗಿ.

ಪ್ರಶ್ನೆ: ಗೇಟ್‌ನಲ್ಲಿ ಎನರ್ಜಿ ಪೇಪರ್ ಬಂದಿದೆಯಂತೆ. ಅದನ್ನೇ ಬರೆಯಲೇ?
ವಿದ್ಯಾರ್ಥಿ, ಬಾಗಲಕೋಟೆ

ಉತ್ತರ: 2026ರ ಗೇಟ್‌ನಿಂದ ಇಂಜಿನಿಯರಿಂಗ್ ಸೈನ್ಸಸ್ ಪತ್ರಿಕೆಯೊಳಗೆ ಎನರ್ಜಿ ಸೈನ್ಸ್ ಎಂಬ ವಿಭಾಗ ಸೇರಿದೆ. ಎನರ್ಜಿಯಲ್ಲಿ ಎಂ.ಟೆಕ್ ಅಥವಾ ಸಂಶೋಧನೆಯೇ ಗುರಿಯಾಗಿದ್ದರೆ ನೋಡಿ. ಸರ್ಕಾರಿ ಕಂಪನಿಗಳ ಕೆಲಸವೂ ಮನಸ್ಸಿನಲ್ಲಿದ್ದರೆ ನಿಮ್ಮ ಮೂಲ ಶಾಖೆಯ ಇಇ ಅಥವಾ ಎಂಇ ಪತ್ರಿಕೆಯನ್ನೇ ಬರೆಯಿರಿ, ಅವರು ಕೇಳುವುದು ಅದರ ಅಂಕ. ಎಂ.ಟೆಕ್ ಎನರ್ಜಿ ಸೀಟಿಗೂ ಹಲವು ಕಡೆ ಇಇ, ಎಂಇ ಅಂಕ ನಡೆಯುತ್ತದೆ. ಅಂಕ ಮೂರು ವರ್ಷ ಮಾನ್ಯವಾಗಿರುವುದರಿಂದ ಏಳನೇ ಸೆಮಿಸ್ಟರಿನಲ್ಲೇ ಒಮ್ಮೆ ಬರೆದುಬಿಡಿ.